ಜೋಳದ ಹಿಟ್ಟು ಹಾಕಿದ ಮೇಲೆ ನಮ್ಮದಾದ ವಾಫಲ್ ಮೇಕರ್: ಮೂರು ವರ್ಷದ ಬಳಕೆ

ಮೂರು ವರ್ಷದ ಹಿಂದೆ, ಶರಣಬಸವೇಶ್ವರ ಜಾತ್ರೆ ಮುಗಿದ ವಾರದಲ್ಲಿ ಈ ವಾಫಲ್ ಮೇಕರ್ ತರಿಸಿದೆ. ವಾಫಲ್ ಅಂದರೆ ಬಿಸಿ ಅಚ್ಚಿನ ನಡುವೆ ಹಿಟ್ಟು ಹಾಕಿ ಮುಚ್ಚಿ ಬೇಯಿಸುವ, ಎರಡೂ ಕಡೆ ಜಾಲರಿಯ ಹಾಗೆ ಗುಳಿ ಇರುವ ತಿಂಡಿ. ಮಗಳು ಬೆಂಗಳೂರಿನಲ್ಲಿ ಅವಳ ಸೋದರಮಾವನ ಜೊತೆ ಒಮ್ಮೆ ತಿಂದು ಬಂದಿದ್ದಳು. ಆಮೇಲೆ ಮನೆಯಲ್ಲಿ ಅದೇ ಜಪ. ಆಗ ಬೆಲೆ 1,800 ರೂಪಾಯಿ ಚಿಲ್ಲರೆ. 750 ವ್ಯಾಟ್, ಎರಡು ಚೌಕದ ಅಚ್ಚು, ಹಿಟ್ಟು ಅಂಟದ ಕೋಟಿಂಗ್. ಪ್ಲೇಟು ಬಿಚ್ಚಲು ಬರುವುದಿಲ್ಲ. ಶಾಖ ಹೆಚ್ಚುಕಡಿಮೆ ಮಾಡುವ ಗುಂಡಿ ಇಲ್ಲ. ಕೆಂಪು ದೀಪ ಬಂದರೆ ಕರೆಂಟ್ ಇದೆ, ಹಸಿರು ಬಂದರೆ ಕಾದಿದೆ. ಅಷ್ಟೇ.

ಮೊದಲ ದಿನ ಮೈದಾ ಹಿಟ್ಟಿನದು ಮಾಡಿದೆ. ಅತ್ತೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಜೇನ ಹುಟ್ಟಿ ಇದ್ದಂಗ ಅದ ನೋಡವ್ವಾ" ಅಂದರು. ಆಮೇಲೆ ಓದಿದಾಗ ಗೊತ್ತಾಯಿತು, ವಾಫಲ್ ಅನ್ನೋ ಮಾತು ಡಚ್ಚರ 'ವಾಫೆಲ್'ನಿಂದ ಬಂದದ್ದು, ಅದಕ್ಕೂ ಜೇನುಗೂಡಿನ ಪದಕ್ಕೂ ನಂಟಿದೆ. ಅತ್ತೆಗೆ ಹೇಳಿದಾಗ ಬಹಳ ಖುಷಿಪಟ್ಟರು.

ಮೊದಲ ಎರಡು ತಿಂಗಳು ದಿನಾ ಮಾಡಿದೆವು. ನಂತರ ಬೇಸರ ಬಂತು. ಮೈದಾ, ಸಕ್ಕರೆ, ಮೇಲೆ ಚಾಕಲೇಟ್ ಸಾಸ್. ಮಗಳಿಗೂ ಸಾಕಾಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಪೆಟ್ಟಿಗೆ ಅಟ್ಟ ಸೇರುತ್ತಿತ್ತು. ಆದರೆ ಅದರ ಮೇಲೆ 'ಬೆಲ್ಜಿಯನ್ ವಾಫಲ್' ಅಂತ ದೊಡ್ಡದಾಗಿ ಬರೆದಿತ್ತಲ್ಲ, ಅದು ತಲೆಯಲ್ಲಿ ಕೂತಿತ್ತು. ಬೆಲ್ಜಿಯಂನವರು ನಿಜವಾಗಿ ಹೀಗೇ ತಿನ್ನುತ್ತಾರಾ?

ಹಾಗೆ ತಿನ್ನುವುದಿಲ್ಲ. ಅಲ್ಲಿ ಊರಿಗೊಂದು ಬಗೆ. ಬ್ರಸೆಲ್ಸ್‌ನದು ಉದ್ದ ಚೌಕ, ಗುಳಿ ಆಳ, ಹಿಟ್ಟು ಯೀಸ್ಟ್ ಹಾಕಿ ಹುದುಗಿಸಿದ್ದು, ಹಗುರ. ಲಿಯೇಜ್ ಊರಿನದು ಗಟ್ಟಿ ಹಿಟ್ಟಿನ ಉಂಡೆ. ಒಳಗೆ ಸಕ್ಕರೆ ಮುತ್ತು, ಅಂದರೆ ದಪ್ಪ ಸಕ್ಕರೆ ಹರಳು ಸೇರಿಸುತ್ತಾರೆ, ಅದು ಕಾವಿಗೆ ಕರಗಿ ಹೊರಗೆ ಪಾಕದ ಕವಚ ಆಗುತ್ತದೆ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವ ರೂಢಿ ಬೆಳೆದದ್ದು ಅಮೆರಿಕದಲ್ಲಿ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಮಾರಿಸ್ ವರ್ಮರ್ಶ್ ಅವರ ಕುಟುಂಬ 'ಬೆಲ್-ಜೆಮ್' ಅನ್ನೋ ಹೆಸರಿನಲ್ಲಿ, ಕೆನೆ ಮತ್ತು ಸ್ಟ್ರಾಬೆರಿ ಹಾಕಿ ಮಾರಿತು. ಅಲ್ಲಿಂದ 'ಬೆಲ್ಜಿಯನ್ ವಾಫಲ್' ಅನ್ನೋ ಹೆಸರು ಹಬ್ಬಿತು. ಬೆಂಗಳೂರಲ್ಲಿ 'ಉತ್ತರ ಕರ್ನಾಟಕ ಊಟ' ಅಂತ ಬೋರ್ಡ್ ಹಾಕ್ತಾರಲ್ಲ, ಹಾಗೆ. ಧಾರವಾಡದ ಊಟ ಬೇರೆ, ನಮ್ಮ ಕಲಬುರಗಿ ಊಟ ಬೇರೆ ಅಂತ ನಮಗೆ ಗೊತ್ತು, ಬೋರ್ಡಿಗೆ ಗೊತ್ತಿಲ್ಲ. ಅಂದಹಾಗೆ ನಮ್ಮ ಮಷೀನಿನ ಗುಳಿ ಒಂದು ಸೆಂಟಿಮೀಟರೂ ಆಳ ಇಲ್ಲ. ಬ್ರಸೆಲ್ಸ್‌ನ ವಾಫಲ್ ಇದರಲ್ಲಿ ಬರುವುದಿಲ್ಲ. ಕೊಳ್ಳುವವರು ಪೆಟ್ಟಿಗೆಯ ಚಿತ್ರ ನಂಬಬೇಡಿ.

'ಹುದುಗಿಸಿದ್ದು' ಅನ್ನೋ ಒಂದು ಮಾತಿನಿಂದ ನನ್ನ ದಾರಿ ಬದಲಾಯಿತು. ಹುದುಗಿಸಿದ ಹಿಟ್ಟು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ, ಪಡ್ಡಿಗೆ. ಮೂರು ಬಟ್ಟಲು ಜೋಳ, ಒಂದು ಬಟ್ಟಲು ಉದ್ದಿನ ಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಅದನ್ನೇ ಒಂದೊಂದು ಸೌಟು ಹಾಕಿ ಮುಚ್ಚಿದೆ.

ಮೊದಲ ಸಲ ಮುಚ್ಚಳ ಎತ್ತಿದಾಗ ಎರಡು ಹೋಳಾಯಿತು. ಅರ್ಧ ಮೇಲೆ, ಅರ್ಧ ಕೆಳಗೆ. ಜೋಳದಲ್ಲಿ ಗೋಧಿಯ ಹಾಗೆ ಎಳೆ ಹಿಡಿಯುವ ಅಂಟು ಇಲ್ಲ, ಉದ್ದು ಎಷ್ಟು ಹಿಡಿಯುತ್ತದೋ ಅಷ್ಟೇ. ಹಸಿರು ದೀಪ ನಂಬಿ ತೆಗೆದದ್ದು ತಪ್ಪು. ಆ ದೀಪ ಪ್ಲೇಟಿನ ಶಾಖ ಹೇಳುತ್ತದೆ, ಹಿಟ್ಟು ಬೆಂದದ್ದು ಹೇಳುವುದಿಲ್ಲ. ಅಂಚಿನಿಂದ ಬರುವ ಹಬೆ ನೋಡಬೇಕು. ಹಬೆ ಪೂರ್ತಿ ನಿಂತ ಮೇಲೆ ತೆಗೆದರೆ ತಾನಾಗಿ ಬಿಡುತ್ತದೆ. ಮೈದಾಗೆ ಐದು ನಿಮಿಷ ಸಾಕು, ಜೋಳಕ್ಕೆ ಏಳು. ಹಿಟ್ಟಿಗೆ ಎರಡು ಚಮಚ ಎಣ್ಣೆ ಬೇಕೇ ಬೇಕು, ಇಲ್ಲಾಂದ್ರೆ ರಬ್ಬರಿನ ಹಾಗಾಗುತ್ತದೆ. ಸರಿಯಾಗಿ ಬಂದಾಗ ಹೊರಗೆ ಕಟಕ್ ಅನ್ನುತ್ತದೆ, ಒಳಗೆ ಮೆತ್ತಗೆ. ಗುಳಿಗಳಲ್ಲಿ ಬೆಣ್ಣೆ ಕರಗಿ ನಿಲ್ಲುತ್ತದೆ, ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿದರೆ ಅಲ್ಲೇ ಕೂರುತ್ತದೆ. ರೊಟ್ಟಿಯ ಮೇಲೆ ಹಿಂಡಿ ಜಾರುತ್ತದಲ್ವಾ, ಇಲ್ಲಿ ಜಾರುವುದಿಲ್ಲ. ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ವಾಫಲ್ ಮಡಚಿ ಒಳಗೆ ಶೇಂಗಾ ಬೆಣ್ಣೆ, ಸಕ್ಕರೆ, ಕಂಡೆನ್ಸ್ಡ್ ಹಾಲು ಸವರಿ ಕೊಡುತ್ತಾರೆ. ಶೇಂಗಾ ಮತ್ತು ಈ ಜಾಲರಿಯ ಜೋಡಿ ಅವರಿಗೂ ಹೊಳೆದಿದೆ.

ಸಿಹಿ ಬೇಕಾದಾಗ ಬೆಲ್ಲ, ಏಲಕ್ಕಿ. ನಾರ್ವೆಯವರೂ ಹಿಟ್ಟಿಗೆ ಏಲಕ್ಕಿ ಹಾಕುತ್ತಾರೆ. ಅಲ್ಲಿನ ಅಚ್ಚು ಹೃದಯದ ಆಕಾರ, ಮೇಲೆ ಜಾಮ್ ಅಥವಾ ಕಂದು ಬಣ್ಣದ ಸಿಹಿ ಚೀಸ್. ಸ್ವೀಡನ್ನಿನಲ್ಲಿ ಮಾರ್ಚ್ 25 ವಾಫಲ್ ದಿನ. ಮೇರಿ ಮಾತೆಯ ಹಬ್ಬ 'ವೋರ್‌ಫ್ರುದಾಗೆನ್' ಜನರ ಬಾಯಲ್ಲಿ ಸವೆದು 'ವೊಫೆಲ್‌ದಾಗೆನ್' ಆಯಿತಂತೆ, ಅಂದರೆ ವಾಫಲ್ ದಿನ. ನಮಗೆ ಅದು ಯುಗಾದಿಯ ಆಸುಪಾಸು. ಹೋದ ವರ್ಷದಿಂದ ಮಗಳು ಆ ದಿನ ಬಿಡುವುದೇ ಇಲ್ಲ.

ಈಗ ಕರೆಂಟಿನ ವಿಷಯ, ನಮ್ಮ ಕಡೆಯವರಿಗೆ ಮುಖ್ಯ. ಏಪ್ರಿಲ್, ಮೇ ಸಂಜೆ ಮನೆಮನೆಯ ಕೂಲರ್ ಒಟ್ಟಿಗೆ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದದ್ದು 190 ಆದರೆ 750 ವ್ಯಾಟಿನ ಮಷೀನು ಸುಮಾರು 510 ವ್ಯಾಟಿನಷ್ಟೇ ಕಾಯುತ್ತದೆ. ವಾಫಲ್ ಬೇಯುವ ಬದಲು ಒಣಗುತ್ತದೆ, ಬಣ್ಣ ಬರುವುದಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಏಳಕ್ಕೆ ಮುಂಚೆ ಮಾಡಿ ಮುಗಿಸುತ್ತೇನೆ. ಅಡುಗೆಮನೆಯೂ ಆಗ ತಣ್ಣಗಿರುತ್ತದೆ. ಬಿಲ್ ಬಗ್ಗೆ ಹೆದರಬೇಡಿ. ಒಂದು ತಾಸು ನಿಲ್ಲದೆ ಕಾದರೂ ಮುಕ್ಕಾಲು ಯೂನಿಟ್.

ಕೋಟಿಂಗ್ ಹಾಳಾದದ್ದು ನನ್ನಿಂದಲೇ. ಲಿಯೇಜ್ ರೀತಿ ಮಾಡೋಣ ಅಂತ ಕಲ್ಲುಸಕ್ಕರೆ ಕುಟ್ಟಿ ಗಟ್ಟಿ ಹಿಟ್ಟಿಗೆ ಸೇರಿಸಿದೆ. ರುಚಿ ಇವತ್ತಿಗೂ ನೆನಪಿದೆ, ಅಷ್ಟು ಚೆನ್ನಾಗಿತ್ತು. ಆದರೆ ಕರಗಿದ ಸಕ್ಕರೆ ಪ್ಲೇಟಿಗೆ ಹತ್ತಿ ಕಪ್ಪಾಯಿತು. ಸ್ಟೀಲ್ ನಾರಿನಿಂದ ಉಜ್ಜಿದೆ. ಎಡಗಡೆಯ ಚೌಕದ ಒಂದು ಮೂಲೆಯಲ್ಲಿ ಕೋಟಿಂಗ್ ಎದ್ದಿತು. ಲಿಯೇಜ್‌ನ ಅಂಗಡಿಗಳಲ್ಲಿ ಇದಕ್ಕೆ ಭಾರದ ಎರಕದ ಕಬ್ಬಿಣದ ಅಚ್ಚು ಇರುತ್ತದೆ, ನಮ್ಮ ತೆಳು ಪ್ಲೇಟಿಗೆ ಆ ಕೆಲಸ ಕೊಡಬಾರದು. ಈಗ ಬಲಗಡೆಯ ಚೌಕ ಮಾತ್ರ ಬಳಸುತ್ತೇನೆ. ಪ್ಲಗ್ ತೆಗೆದು, ಇನ್ನೂ ಬೆಚ್ಚಗಿರುವಾಗ ಒದ್ದೆ ಬಟ್ಟೆಯಿಂದ ಒರೆಸಿ. ತೆಗೆಯಲು ಮರದ ಚಮಚವೇ ಇರಲಿ.

ಎರಡನೇ ವರ್ಷ ಹಸಿರು ದೀಪ ನಿಂತಿತು. ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ. ವಾರಂಟಿ ಮುಗಿದಿದೆ, ಹೈದರಾಬಾದಿಗೆ ಕಳಿಸಿ ಅಂದರು. ಕೊನೆಗೆ ಸೂಪರ್ ಮಾರ್ಕೆಟ್ ಹತ್ತಿರ ಮಿಕ್ಸರ್ ರಿಪೇರಿ ಮಾಡುವ ಅಣ್ಣ ಒಳಗಿನ ವೈರ್ ಬದಲಿಸಿ 120 ರೂಪಾಯಿ ತಗೊಂಡರು. ಇವತ್ತಿಗೂ ಸರಿ ಇದೆ.

ನಮ್ಮದು ನೋಡಿ ಪಕ್ಕದ ಮನೆಯ ಖಾಲಾ ಕೂಡ ಒಂದು ಕೊಂಡರು. ಅವರು ಮೊಟ್ಟೆಯ ಬಿಳಿ ಭಾಗ ಬೇರೆ ಮಾಡಿ ನೊರೆ ಬರುವ ಹಾಗೆ ಕಡೆದು ಹಿಟ್ಟಿಗೆ ಸೇರಿಸುತ್ತಾರೆ, ತುಂಬ ಹಗುರ ಬರುತ್ತದಂತೆ. ರಮ್ಜಾನ್‌ನಲ್ಲಿ ಮೇಲೆ ಖೀಮಾ. ಅಮೆರಿಕದಲ್ಲಿ ಕರಿದ ಕೋಳಿ ಮತ್ತು ವಾಫಲ್ ಒಟ್ಟಿಗೆ ತಿನ್ನುತ್ತಾರೆ ಅಂತ ಹೇಳಿದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1938ರಲ್ಲಿ ಶುರುವಾದ ವೆಲ್ಸ್ ಹೋಟೆಲು ಅದಕ್ಕೇ ಹೆಸರಾಗಿತ್ತು, ಸಂಗೀತಗಾರರು ನಡುರಾತ್ರಿ ಕಛೇರಿ ಮುಗಿಸಿ ಬರುತ್ತಿದ್ದರಂತೆ. "ರಾತ್ರಿ ಊಟಾನೂ ಆಯ್ತು, ಮುಂಜಾನಿ ನಾಷ್ಟಾನೂ ಆಯ್ತು. ನಮ್ಮ ಸಹರಿ ಇದ್ದಂಗ ಅದ ಬೇಟಿ" ಅಂದರು ಖಾಲಾ. ಸಹರಿ ಅಂದರೆ ರಮ್ಜಾನ್‌ನಲ್ಲಿ ರೋಜಾ ಹಿಡಿಯುವ ಮುಂಚೆ ನಸುಕಿನಲ್ಲಿ ಮಾಡುವ ಊಟ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಕಳೆದದ್ದು ಬಿಚ್ಚಲಾಗದ ಪ್ಲೇಟಿಗೆ, ಒಂದು ಅಂಕ ಆ ಸರ್ವಿಸಿಗೆ. ಚಾಕಲೇಟ್ ವಾಫಲ್ ಮಾತ್ರ ಬೇಕು ಅನ್ನುವವರು ಅಂಗಡಿಯಲ್ಲೇ ತಿನ್ನಿ, ಅಲ್ಲಿ ಇದಕ್ಕಿಂತ ಚೆನ್ನಾಗಿರುತ್ತದೆ. ಮನೆಯಲ್ಲಿ ಪಡ್ಡಿನ ಹಿಟ್ಟು ಇರುವವರು ಖಂಡಿತ ಕೊಳ್ಳಿ. ನಾಳೆ ಭಾನುವಾರ. ಜೋಳ ನೆನೆಹಾಕಿ, ರುಬ್ಬಿ ಇಟ್ಟಾಗಿದೆ.