ಒಂದೇ ಪದಾರ್ಥದ ಸೆಂಟ್: ಐಸೋ ಈ ಸೂಪರ್ ಮನೆಯಲ್ಲೇ ಬೆರೆಸಿ ಬಳಸಿದವರ ಮಾತು

ಕೆಲವು ವರ್ಷಗಳಿಂದ ನಾನು ದಿನಾ ಹಾಕಿಕೊಳ್ಳುವ ಸೆಂಟ್‌ನಲ್ಲಿ ಇರುವುದು ಎರಡೇ ವಸ್ತು. ಒಂದು ಆಲ್ಕೋಹಾಲ್, ಇನ್ನೊಂದು ಐಸೋ ಈ ಸೂಪರ್ (Iso E Super) ಎಂಬ ಪರಿಮಳದ ವಸ್ತು. ಆಲ್ಕೋಹಾಲ್ ಒಂದೆರಡು ನಿಮಿಷದಲ್ಲಿ ಹಾರಿಹೋಗುತ್ತದೆ. ಮೈಮೇಲೆ ಉಳಿಯುವುದು ಇನ್ನೊಂದು ಮಾತ್ರ. ಬೆರೆಸುವ ಕೆಲಸ ಮನೆಯಲ್ಲೇ, ಹತ್ತು ನಿಮಿಷ ಸಾಕು. ಆದರೆ ಇದನ್ನು ಹೊಸದಾಗಿ ಮಾಡಿದ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: "ಬೆರೆಸಿದೆ, ಹಾಕ್ಕೊಂಡೆ, ಏನೂ ವಾಸನೆಯೇ ಬರ್ತಿಲ್ವಲ್ಲ?" ಅದಕ್ಕೆ ಉತ್ತರ ಹೇಳದೆ ಈ ಸೆಂಟ್ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳುವುದು ಕಷ್ಟ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಐಸೋ ಈ ಸೂಪರ್ ಹೂವಿನಿಂದಲೋ ಮರದಿಂದಲೋ ತೆಗೆದ ಎಣ್ಣೆ ಅಲ್ಲ, ಕಾರ್ಖಾನೆಯಲ್ಲಿ ತಯಾರಾಗುವ ಪರಿಮಳದ ರಾಸಾಯನಿಕ. ಪರಿಮಳದ ವಸ್ತುಗಳನ್ನು ತಯಾರಿಸುವ ಐಎಫ್‌ಎಫ್ ಕಂಪನಿಯ ರಸಾಯನಶಾಸ್ತ್ರಜ್ಞರು 1970ರ ದಶಕದಲ್ಲಿ ಇದನ್ನು ತಯಾರಿಸಿದರು. ಮೊದಮೊದಲು ಬೇರೆ ಪರಿಮಳಗಳ ನಡುವೆ ತುಂಬುವ ವಸ್ತುವಾಗಿಯೇ ಇದರ ಬಳಕೆ. 1988ರಲ್ಲಿ ಬಂದ ಡಿಯೋರ್ ಕಂಪನಿಯ ಫ್ಯಾರನ್‌ಹೈಟ್ ಅನ್ನುವ ಸೆಂಟ್‌ನಲ್ಲಿ ಇದು ಧಾರಾಳವಾಗಿತ್ತು. 2006ರಲ್ಲಿ ಗೇಜಾ ಶೋನ್ ಎಂಬ ಜರ್ಮನ್ ಪರ್ಫ್ಯೂಮರ್ ಬೇರೆ ಪರಿಮಳವೇನೂ ಸೇರಿಸದೆ ಇದೊಂದನ್ನೇ ಆಲ್ಕೋಹಾಲ್‌ನಲ್ಲಿ ಬೆರೆಸಿ ಬಾಟಲಿಗೆ ತುಂಬಿ 'ಮಾಲಿಕ್ಯೂಲ್ 01' ಅಂತ ಮಾರುಕಟ್ಟೆಗೆ ತಂದರು. ಒಂದೇ ಪದಾರ್ಥದ ಸೆಂಟ್ ಅನ್ನುವುದಕ್ಕೆ ಜನ ಹೊರಳಿ ನೋಡುವಂತೆ ಮಾಡಿದ್ದು ಅದೇ. ಅದರಲ್ಲಿರುವ ವಸ್ತು ಸಣ್ಣ ಬಾಟಲಿಗಳಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ ಅಂದಮೇಲೆ ಮನೆಯಲ್ಲಿ ಬೆರೆಸಬಾರದು ಅಂತೇನಿಲ್ಲವಲ್ಲ.

ನಾನು ಬೆರೆಸುವುದು ಶೇ 10ರ ಲೆಕ್ಕದಲ್ಲಿ. 18 ಗ್ರಾಂ ಆಲ್ಕೋಹಾಲ್‌ಗೆ 2 ಗ್ರಾಂ ಐಸೋ ಈ ಸೂಪರ್. ಒಟ್ಟು 20 ಗ್ರಾಂ, ಅಂದರೆ ಸುಮಾರು 24 ಮಿಲಿಲೀಟರ್. 30 ಮಿಲಿಲೀಟರ್ ಬಾಟಲಿಯಲ್ಲಿ ಆರಾಮಾಗಿ ಹಿಡಿಯುತ್ತದೆ, ಕುಲುಕಲು ಮೇಲೆ ಜಾಗವೂ ಉಳಿಯುತ್ತದೆ. ಇದು ತೂಕದ ಲೆಕ್ಕ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಹನಿ ಎಣಿಸಿ ಹಾಕುವ ವಿಧಾನ ನನಗೆ ಹಿಡಿಸುವುದಿಲ್ಲ. ಡ್ರಾಪರ್‌ನ ತುದಿ ಬದಲಾದರೆ ಹನಿಯ ಗಾತ್ರ ಬದಲಾಗುತ್ತದೆ, ದ್ರವ ಬದಲಾದರೂ ಅಷ್ಟೇ. ಈ ಸಲ ಚೆನ್ನಾಗಿ ಬಂದದ್ದು ಮುಂದಿನ ಸಲ ಯಾಕೆ ಬರಲಿಲ್ಲ ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ ಒಂದಿದ್ದರೆ ಈ ತಲೆನೋವೇ ಇಲ್ಲ.

ತೂಗುವಾಗ ಫ್ಯಾನ್ ಆರಿಸಿ. ಖಾಲಿ ಬಾಟಲಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಮೊದಲು ಐಸೋ ಈ ಸೂಪರ್ ಹಾಕಿ. ನೀರಿಗಿಂತ ಸ್ವಲ್ಪ ಮಂದ, ಬಣ್ಣವಿಲ್ಲದ ಅಥವಾ ತೀರಾ ತೆಳು ಹಳದಿಯ ದ್ರವ ಅದು. ಗಾಜಿನ ಡ್ರಾಪರ್‌ನಿಂದ ಒಂದೊಂದೇ ಹನಿ ಬಿಡುತ್ತಾ ಹೋದರೆ ಅಂಕಿ 1.90 ದಾಟಿದ ಮೇಲೆ ಕೈ ತಾನಾಗಿ ನಿಧಾನವಾಗುತ್ತದೆ. 1.97, ಒಂದು ಹನಿ, 1.99. ಅಲ್ಲಿಗೆ ನಿಲ್ಲಿಸಿದರೂ ನಡೆಯುತ್ತದೆ. ಆಮೇಲೆ ಒಟ್ಟು 20 ಗ್ರಾಂ ಆಗುವವರೆಗೆ ಆಲ್ಕೋಹಾಲ್. ಹಾಕುತ್ತಿದ್ದ ಹಾಗೆ ಬಾಟಲಿಯೊಳಗೆ ಸಣ್ಣ ಸಣ್ಣ ಎಳೆಗಳು ಸುರುಳಿ ಸುತ್ತುವುದು ಕಾಣುತ್ತದೆ. ಎರಡು ಸಲ ಕುಲುಕಿದರೆ ಎಳೆ ಮಾಯ, ದ್ರವ ತಿಳಿ. ತಿಳಿಯಾಗದೆ ಮಬ್ಬಾಗಿ ನಿಂತರೆ ನಿಮ್ಮ ಆಲ್ಕೋಹಾಲ್‌ನಲ್ಲಿ ನೀರು ಜಾಸ್ತಿ ಇದೆ ಅಂತ ಅರ್ಥ. ಐಸೋ ಈ ಸೂಪರ್ ನೀರಿನಲ್ಲಿ ಕರಗುವುದಿಲ್ಲ.

ಆಲ್ಕೋಹಾಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಬೇಕಾದದ್ದು ಪರ್ಫ್ಯೂಮ್‌ಗೆಂದೇ ಮಾರುವ, ಶೇ 95ಕ್ಕಿಂತ ಕಡಿಮೆ ಇಲ್ಲದ ಎಥನಾಲ್. ಗಾಯ ಒರೆಸುವ ಐಸೊಪ್ರೊಪೈಲ್‌ಗೆ ತನ್ನದೇ ಘಾಟು ವಾಸನೆ ಇದೆ. ಹ್ಯಾಂಡ್ ಸ್ಯಾನಿಟೈಸರ್‌ನಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ಮೆಥನಾಲ್ ಬೆರೆತ ಸ್ಪಿರಿಟ್ ಅಂತೂ ಮೈಗೆ ತಾಗಿಸಲೇಬಾರದು, ಅದು ವಿಷ. ಎಥನಾಲ್ ಬೇಗ ಹೊತ್ತಿಕೊಳ್ಳುತ್ತದೆ, ಹಾಗಾಗಿ ಒಲೆ, ದೀಪ, ಬೆಂಕಿಕಡ್ಡಿ ಇರುವ ಕಡೆ ಈ ಕೆಲಸ ಬೇಡ. ಕಿಟಕಿ ತೆರೆದಿರಲಿ. ಬೆರೆಸದ ಐಸೋ ಈ ಸೂಪರ್ ನೇರವಾಗಿ ಚರ್ಮಕ್ಕೆ ತಾಗಿದರೆ ಕೆಲವರಿಗೆ ಉರಿ, ತುರಿಕೆ ಬರಬಹುದು, ಅದಕ್ಕೆ ಗ್ಲೌಸ್ ಹಾಕಿಕೊಳ್ಳಿ.

ಬೆರೆಸಿದ ಮೇಲೆ ವಾರಗಟ್ಟಲೆ ಕತ್ತಲಲ್ಲಿಟ್ಟು ಮಾಗಿಸಬೇಕು ಅಂತ ಕೆಲವರು ಹೇಳುತ್ತಾರೆ. ಹತ್ತಾರು ಪದಾರ್ಥ ಬೆರೆಸಿದ ಸೆಂಟ್‌ಗೆ ಅದು ಸರಿ, ಅವು ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ಇಲ್ಲಿ ಹೊಂದಿಕೊಳ್ಳಲು ಇನ್ನೊಂದು ಪದಾರ್ಥವೇ ಇಲ್ಲವಲ್ಲ. ನಾನು ಒಂದು ರಾತ್ರಿ ಬಿಟ್ಟು ಬಳಸಲು ಶುರು ಮಾಡುತ್ತೇನೆ.

ಈಗ ವಾಸನೆಯ ವಿಷಯ. ಹೊಸದಾಗಿ ಕೆತ್ತಿದ ಪೆನ್ಸಿಲ್‌ನ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದರೆ ಬರುತ್ತದಲ್ಲ ಒಣ ದೇವದಾರು ಪರಿಮಳ, ಅದರ ಚೂಪನ್ನು ತೆಗೆದು ಮೆತ್ತಗೆ ಮಾಡಿದರೆ ಇದಕ್ಕೆ ಹತ್ತಿರ ಬರುತ್ತದೆ. ಹೂವಿನ ಸುಳಿವಿಲ್ಲ, ಸಿಹಿ ತೀರಾ ಕಡಿಮೆ. ಎದುರಿಗೆ ಬಂದು ನಿಲ್ಲುವ ಪರಿಮಳ ಇದಲ್ಲ. ಸುಮ್ನೆ ಸುತ್ತ ಇರುತ್ತದೆ.

ಆದರೆ ಅದು ನಿಮಗೇ ಸಿಗದೆ ಹೋಗಬಹುದು! ಕಾರಣ ಎರಡು. ಮೊದಲನೆಯದು, ಐಸೋ ಈ ಸೂಪರ್ ಒಂದೇ ಅಣು ಅಂತ ಹೇಳುತ್ತಾರಾದರೂ ನಿಜವಾಗಿ ಅದು ಒಂದೇ ಸೂತ್ರದ, ರಚನೆಯಲ್ಲಿ ಚೂರುಪಾರು ಬೇರೆಯಾದ ಅಣುಗಳ ಮಿಶ್ರಣ. ಹೆಚ್ಚು ಪಾಲು ಇರುವುದಕ್ಕೆ ವಾಸನೆ ಕಡಿಮೆ. ಸಣ್ಣ ಪಾಲಿನಲ್ಲಿರುವ ಗಾಮಾ ಅನ್ನುವ ಬಗೆಯೇ ಬಹುಮಟ್ಟಿಗೆ ಪರಿಮಳ ಕೊಡುವುದು. ಮನುಷ್ಯರ ಮೂಗುಗಳು ಇದನ್ನು ಗುರುತಿಸುವುದರಲ್ಲಿ ಒಂದೇ ತರ ಇಲ್ಲ. ಕೆಲವರಿಗೆ ಚೆನ್ನಾಗಿ ಗೊತ್ತಾಗುತ್ತದೆ, ಕೆಲವರಿಗೆ ಮಸುಕಾಗಿ, ಇನ್ನು ಕೆಲವರಿಗೆ ಏನೂ ಇಲ್ಲ. ಎರಡನೆಯದು, ಎಡೆಬಿಡದೆ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ. ಇದು ಮೈಮೇಲೆ ಗಂಟೆಗಟ್ಟಲೆ ಒಂದೇ ಸಮ ಕೂತಿರುವ ವಸ್ತುವಾದ್ದರಿಂದ ಒಗ್ಗುವುದು ಇನ್ನೂ ಬೇಗ. ಆಮೇಲೆ ಹೊರಗೆ ಹೋಗಿ ಒಳಗೆ ಬಂದಾಗಲೋ, ಅಂಗಿ ಕೊಡವಿದಾಗಲೋ ಫಕ್ಕನೆ ಒಂದು ಅಲೆ ಬರುತ್ತದೆ. ಮತ್ತೆ ಇಲ್ಲ.

ಈ ಕಾರಣಕ್ಕೇ ಜನ ಪ್ರಮಾಣ ಏರಿಸುತ್ತಾರೆ. ಶೇ 10 ಸಾಲಲಿಲ್ಲ ಅಂತ 20, ಅದೂ ಸಾಲದೆ 50. ನಾನು ಇದನ್ನು ಖಂಡಿತ ಬೇಡ ಅನ್ನುತ್ತೇನೆ. ಹಾಕಿಕೊಂಡವರಿಗೆ ಗೊತ್ತಾಗದಿದ್ದರೂ ಪಕ್ಕದವರಿಗೆ ಗೊತ್ತಾಗುತ್ತಿರುತ್ತದೆ. ನಮ್ಮಕ್ಕನ ಮೂಗು ಈ ವಿಷಯದಲ್ಲಿ ತುಂಬ ಚುರುಕು. ನನಗೆ ಏನೂ ಸಿಗದ ದಿನ ಕೂಡ ಅವಳು, "ನೀನು ಬಂದು ಹೋಗಿದ್ದು ಗೊತ್ತಾಯ್ತು, ಬಾಗಿಲ ಹತ್ರ ಪರಿಮಳ ಇತ್ತು" ಅನ್ನುತ್ತಾಳೆ. ಒಮ್ಮೆ ಶೇ 20ರದ್ದು ಹಾಕಿ ನೋಡಿದಾಗ ಅವಳು ಹೇಳಿದ್ದು, "ಇವತ್ತು ಗಂಟಲಿಗೆ ತಾಗ್ತಿದೆ ಕಣೋ." ನನ್ನ ಮೂಗಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಆಗಿತ್ತು. ನಿಮ್ಮ ಮನೆಯಲ್ಲೂ ಇಂಥ ಒಂದು ಮೂಗು ಇದ್ದರೆ ತಕ್ಕಡಿಯಷ್ಟೇ ಉಪಕಾರಿ. ಇನ್ನೊಂದು ಮಾತು: ಇಫ್ರಾ ಅನ್ನುವ ಅಂತರರಾಷ್ಟ್ರೀಯ ಸುಗಂಧ ಸಂಘಟನೆ ಮೈಗೆ ಹಾಕುವ ಸೆಂಟ್‌ನಲ್ಲಿ ಈ ವಸ್ತು ಎಷ್ಟಿರಬಹುದು ಅಂತ ಮಿತಿ ಇಟ್ಟಿದೆ, ಚರ್ಮಕ್ಕೆ ಅಲರ್ಜಿ ಆಗಬಾರದು ಅಂತ. ಶೇ 10 ಆ ಮಿತಿಯೊಳಗೇ ಬರುತ್ತದೆ. ಹಾಗಿದ್ದರೂ ಮೊದಲ ಸಲ ಹಾಕುವವರು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡುವುದು ಒಳ್ಳೆಯದು.

ನಿಮ್ಮ ಮೂಗಿಗೆ ಇದು ಸಿಗುತ್ತದೋ ಇಲ್ಲವೋ ಅಂತ ತಿಳಿಯಲು ಮೈಮೇಲೆ ಹಾಕಬೇಕಾಗಿಲ್ಲ. ಬಣ್ಣವಿಲ್ಲದ ದಪ್ಪ ಕಾಗದದ ಪಟ್ಟಿಯ ತುದಿಗೆ ಒಂದು ಸಲ ಸ್ಪ್ರೇ ಮಾಡಿ, ಹೆಸರು ಬರೆದು, ಬೇರೆ ಕೋಣೆಯಲ್ಲಿಡಿ. ಅರ್ಧ ಗಂಟೆ ಬಿಟ್ಟು ಹೋಗಿ ಮೂಸಿ, ಮತ್ತೆ ಮಾರನೇ ದಿನ. ಒಂದೇ ಸಮ ಮೂಸುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ನನಗೆ ಕಾಗದದ ಮೇಲೆ ಮೂರನೇ ದಿನವೂ ಸ್ಪಷ್ಟವಾಗಿ ಬರುತ್ತದೆ. ಆ ಪಟ್ಟಿಯಲ್ಲೂ ಏನೂ ಬರದಿದ್ದರೆ ನಿಮ್ಮ ಮೂಗು ಇದನ್ನು ಹಿಡಿಯದ ಗುಂಪಿಗೆ ಸೇರಿದ್ದು. ಬೇರೆ ಪದಾರ್ಥ ನೋಡಿಕೊಳ್ಳಿ.

ಬಾಳಿಕೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಬೆಳಗ್ಗೆ ಎದೆಗೊಂದು, ಕತ್ತಿನ ಹಿಂದೊಂದು ಸ್ಪ್ರೇ ಮಾಡಿದರೆ ಸಂಜೆಯವರೆಗೂ ಹತ್ತಿರ ಬಂದವರಿಗೆ ಗೊತ್ತಾಗುತ್ತದೆ. ಉಲ್ಲನ್ ಬಟ್ಟೆಯಲ್ಲಿ ಇನ್ನೂ ಜಾಸ್ತಿ, ಸ್ವೆಟರ್‌ಗೆ ತಾಗಿದ್ದು ದಿನಗಟ್ಟಲೆ ಇರುತ್ತದೆ. ಅದೇ ಕಿತ್ತಳೆ, ನಿಂಬೆ ಜಾತಿಯ ಎಣ್ಣೆಯೊಂದನ್ನೇ ಹೀಗೆ ಬೆರೆಸಿ ಹಾಕಿದರೆ ಒಂದು ಗಂಟೆ ನಿಲ್ಲುವುದೂ ಕಷ್ಟ, ಆ ಅಣುಗಳು ಹಗುರ, ಬೇಗ ಹಾರುತ್ತವೆ. ಇದೇ ಜಾತಿಯ ಬೆರ್ಗಮಾಟ್ ಎಣ್ಣೆಯಲ್ಲಿ ಇನ್ನೊಂದು ತೊಂದರೆ, ಸಂಸ್ಕರಿಸದೆ ಇದ್ದರೆ ಅದನ್ನು ಹಚ್ಚಿ ಬಿಸಿಲಿಗೆ ಹೋದಾಗ ಚರ್ಮ ಸುಟ್ಟಂತಾಗಬಹುದು. ಗಿಡದಿಂದ ಬಂದದ್ದೆಲ್ಲ ಸುರಕ್ಷಿತ, ಕಾರ್ಖಾನೆಯದ್ದೆಲ್ಲ ಅಪಾಯ ಅಂತ ನಂಬಿದವರು ಇದನ್ನು ಗಮನಿಸಬೇಕು.

ಬಾಟಲಿ ಖರೀದಿಸುವಾಗ ಸ್ಪ್ರೇ ತಲೆಯ ಕಡೆ ನೋಡಿ. ಅಗ್ಗದ ಸ್ಕ್ರೂ ಮುಚ್ಚಳದ ಒಂದು ಬಾಟಲಿ ಚೀಲದಲ್ಲಿ ಮಲಗಿದಾಗೆಲ್ಲ ಸೋರುತ್ತಿತ್ತು, ಪಟ್ಟು ಹಿಡಿದು ಬಿಗಿ ಮಾಡಿದರೂ ನಿಲ್ಲಲಿಲ್ಲ. ಅದು ಉಗುಳುತ್ತಿದ್ದದ್ದೂ ದಪ್ಪ ಹನಿ. ಮಂಜಿನಂತೆ ಹರಡುವ ಸ್ಪ್ರೇ ಇದ್ದರೆ ಅದೇ ದ್ರವ ಎಷ್ಟೋ ಚೆನ್ನಾಗಿ ಕೂರುತ್ತದೆ. ಕಂದು ಗಾಜಿನದಾದರೆ ಬೆಳಕಿನಿಂದಲೂ ರಕ್ಷಣೆ. ಪ್ಲಾಸ್ಟಿಕ್ ಬಾಟಲಿ ಬೇಡ. ಬೆರೆಸಿದ್ದನ್ನು ಬೀರುವಿನಲ್ಲಿ, ಬಿಸಿ ತಾಗದ ಕಡೆ ಇಟ್ಟಿದ್ದೇನೆ. ತಳದ ಕೊನೆಯ ಹನಿಯವರೆಗೂ ಬಣ್ಣವಾಗಲಿ ಪರಿಮಳವಾಗಲಿ ಕೆಟ್ಟದ್ದು ನೋಡಿಲ್ಲ.

ಮಾರುವವರಿಂದ ಮಾರುವವರಿಗೆ ವ್ಯತ್ಯಾಸ ಇದೆ, ಅದು ನಿಜ. ಮೇಲೆ ಹೇಳಿದ ಗಾಮಾ ಬಗೆ ಎಷ್ಟಿದೆ ಅನ್ನುವುದರ ಮೇಲೆ ಪರಿಮಳ ಬದಲಾಗುತ್ತದೆ. ಒಬ್ಬರಿಂದ ತರಿಸಿದ್ದರಲ್ಲಿ ಥಿನ್ನರ್ ತರದ ಒರಟು ವಾಸನೆ ಇತ್ತು, ಅದನ್ನು ಬಳಸಲಿಲ್ಲ. ಹಾಗಾಗಿ ಎಲ್ಲಿಂದಾದರೂ ಸರಿ, ಮೊದಲು 10 ಗ್ರಾಂನ ಚಿಕ್ಕ ಬಾಟಲಿ ತರಿಸಿ. ಅಷ್ಟರಲ್ಲಿ ಈ ಲೆಕ್ಕದ ಐದು ಬಾಟಲಿ ಸೆಂಟ್ ಆಗುತ್ತದೆ, ಒಬ್ಬರಿಗೆ ಬಹಳ ಕಾಲಕ್ಕೆ ಬೇಕಾದಷ್ಟು.

ಐಸೋ ಈ ಸೂಪರ್ ಮೂಗಿಗೆ ಹತ್ತದವರಿಗೆ ನಾನು ಹೇಳುವುದು ಆಂಬ್ರಾಕ್ಸನ್. ಬಿಳಿ ಹರಳು, ಆಲ್ಕೋಹಾಲ್‌ನಲ್ಲಿ ಕುಲುಕಿದರೆ ಕರಗುತ್ತದೆ. ತಿಮಿಂಗಿಲದಿಂದ ಸಿಗುವ ಆಂಬರ್‌ಗ್ರಿಸ್‌ನ ಪರಿಮಳಕ್ಕೆ ಬದಲಿಯಾಗಿ ಬಂದದ್ದು, ಕ್ಲಾರಿ ಸೇಜ್ ಗಿಡದಿಂದ ಸಿಗುವ ಸ್ಕ್ಲಾರಿಯಾಲ್‌ನಿಂದ ತಯಾರಿಸುತ್ತಾರೆ. ಬೆಚ್ಚಗೆ, ಸ್ವಲ್ಪ ಉಪ್ಪುಪ್ಪಾಗಿ ಇರುತ್ತದೆ, ಬಾಳಿಕೆ ಇದಕ್ಕಿಂತಲೂ ಹೆಚ್ಚು. ಶೇ 5 ಸಾಕು. ಮಲ್ಲಿಗೆಯ ಗಾಳಿ ಬೇಕು ಅನ್ನುವವರಿಗೆ ಹೆಡಿಯೋನ್ ಇದೆ, ಅದು ಇನ್ನೂ ಮೆಲು. ವೆನಿಲಾ ಪರಿಮಳದ ವೆನಿಲಿನ್ ಒಂದನ್ನೇ ಬೆರೆಸುವವರು ತಿಳಿದಿರಬೇಕಾದ್ದು, ದ್ರವ ದಿನ ಕಳೆದಂತೆ ಹಳದಿ, ಆಮೇಲೆ ಕಂದಾಗುತ್ತದೆ. ಬಿಳಿ ಅಂಗಿಯ ಹತ್ತಿರ ಬೇಡ.

ಆಲ್ಕೋಹಾಲ್ ಆಗದವರು ಐಸೋ ಈ ಸೂಪರ್ ಅನ್ನು ಜೊಜೊಬಾ ಎಣ್ಣೆಯಲ್ಲಿ ಇದೇ ಲೆಕ್ಕದಲ್ಲಿ ಬೆರೆಸಿ ರೋಲ್-ಆನ್ ಬಾಟಲಿಗೆ ಹಾಕಬಹುದು. ಹರಡುವುದು ಕಡಿಮೆ, ಚರ್ಮಕ್ಕೆ ಹತ್ತಿಕೊಂಡಂತೆ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನರ ಜೊತೆ ಕೂತು ಕೆಲಸ ಮಾಡುವ ದಿನಗಳಿಗೆ ನಾನು ಇದನ್ನೇ ಇಟ್ಟುಕೊಂಡಿದ್ದೇನೆ.

ಬಾಟಲಿ ಮೇಲೆ ಪದಾರ್ಥದ ಹೆಸರು, ಶೇಕಡಾವಾರು, ಬೆರೆಸಿದ ತಾರೀಕು ಬರೆದು ಅಂಟಿಸಿ. ತಿಳಿಯಾದ ದ್ರವಗಳೆಲ್ಲ ನೋಡಲು ಒಂದೇ ತರ. ಮಕ್ಕಳ ಕೈಗೆ ಸಿಗದಂತೆ ಇಡಿ. ಉಳಿದದ್ದನ್ನು, ಬೆರೆಸದ್ದನ್ನು ಸಿಂಕಿಗೆ ಸುರಿಯಬೇಡಿ, ಐಸೋ ಈ ಸೂಪರ್ ನೀರಿನಲ್ಲಿರುವ ಜೀವಿಗಳಿಗೆ ಕೆಟ್ಟದ್ದು. ಡ್ರಾಪರ್ ಒರೆಸಿದ ಟಿಶ್ಯೂ, ಪರೀಕ್ಷೆ ಮಾಡಿದ ಪಟ್ಟಿ ಎಲ್ಲ ಒಣಗಿಸಿ ಕಸಕ್ಕೆ ಹಾಕುತ್ತೇನೆ. ಹಳಸಿದ ದ್ರವವನ್ನು ಬಣ್ಣ, ಔಷಧಿಗಳಂಥ ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಬೇಕು.