ಹಲ್ಲಿರುವ ಚಾನೆಲ್ ನಟ್: ನಾಲ್ಕು ಮಳೆಗಾಲ ಕಳೆದ ಮೇಲೆ ಹಿಡಿತ ಹೇಗಿದೆ

ಬಳಸಿದ ಸಾಮಾನು: 41 ಮಿಮೀ ಅಗಲದ, ಒಂದು ಬದಿ ಬಾಯಿ ತೆರೆದ ಉದ್ದನೆಯ ಉಕ್ಕಿನ ಪಟ್ಟಿಗೆ, ಅಂದರೆ ಸ್ಟ್ರಟ್ ಚಾನೆಲ್‌ಗೆ ಹಾಕುವ, ಸ್ಪ್ರಿಂಗ್ ಸಮೇತ ಬರುವ ಹಲ್ಲಿನ ನಟ್. ಎಂ8 ಮತ್ತು ಎಂ10 (8 ಮತ್ತು 10 ಮಿಮೀ ದಪ್ಪದ ಬೋಲ್ಟಿನವು) ಎರಡೂ ಅಳತೆ.
ಬಳಸಿದ ಜಾಗ: ತುಮಕೂರು, ಶಿರಾ, ಪಾವಗಡ ಕಡೆಯ ಶೀಟ್ ಛಾವಣಿ ಮತ್ತು ಆರ್‌ಸಿಸಿ ತಾರಸಿಗಳ ಸೋಲಾರ್ ಪ್ಯಾನೆಲ್ ರೈಲು, ಜೊತೆಗೆ ಶೆಡ್ಡುಗಳ ಒಳಗಿನ ಕೇಬಲ್ ಟ್ರೇ.
ಅಂಕ: 5ಕ್ಕೆ 4.

ಮೊದಲೇ ಹೇಳಿಬಿಡುವುದು ಒಳ್ಳೆಯದು. ನಟ್ ಚೆನ್ನಾಗಿದೆ. ಹಿಡಿತ ತಪ್ಪಿದ ಕಡೆಯೆಲ್ಲ ಬಿಚ್ಚಿ ನೋಡಿದರೆ ದೋಷ ಸಿಕ್ಕಿದ್ದು ಬೋಲ್ಟಿನ ಉದ್ದದಲ್ಲಿ, ಇಲ್ಲವೇ ಚಾನೆಲ್‌ನ ತುಟಿಯಲ್ಲಿ. ಇನ್ನಷ್ಟು ಬಿಗಿ ಮಾಡಿ ಸರಿಪಡಿಸಲು ಹೋದವರು ಥ್ರೆಡ್ ಹಾಳು ಮಾಡಿಕೊಂಡರೇ ಹೊರತು ಹಿಡಿತ ಹೆಚ್ಚಲಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ನಟ್‌ನಷ್ಟೇ ಅದರ ನೆರೆಹೊರೆಯ ಮಾತೂ ಇದೆ.

ಚಾನೆಲ್‌ನ ಬಾಯಿ ಸುಮಾರು 22 ಮಿಮೀ. ಎರಡೂ ಅಂಚು ಒಳಕ್ಕೆ ಮಡಚಿರುತ್ತವೆ, ಅದನ್ನೇ ತುಟಿ ಅನ್ನುವುದು. ಸಾದಾ ನಟ್ ಆ ತುಟಿಯ ಅಂಚಿಗೆ ಚಪ್ಪಟೆಯಾಗಿ ಒತ್ತಿ ಕೂರುತ್ತದೆ, ಬರೀ ಉಜ್ಜಾಟದ ಬಲದ ಮೇಲೆ ನಿಲ್ಲುತ್ತದೆ. ಹಲ್ಲಿನ ನಟ್‌ನ ಮೇಲ್ಮುಖದಲ್ಲಿ ಎರಡು ಗಾಡಿ, ಅಂದರೆ ಉದ್ದನೆಯ ತೋಡು, ಇವೆ, ಗಾಡಿಯೊಳಗೆ ಸಣ್ಣ ಹಲ್ಲುಗಳಿವೆ. ಬಿಗಿಯಾದಾಗ ತುಟಿಯ ಅಂಚು ಗಾಡಿಯೊಳಗೆ ಇಳಿಯುತ್ತದೆ, ಹಲ್ಲು ಅದನ್ನು ಕಚ್ಚುತ್ತದೆ. ಇದರಿಂದ ಲಾಭ ಎರಡು. ಒಂದು, ಚಾನೆಲ್‌ನ ಉದ್ದಕ್ಕೆ ನಟ್ ಜಾರುವುದಿಲ್ಲ. ಇನ್ನೊಂದನ್ನು ಅಂಗಡಿಯವರು ಹೇಳುವುದು ಕಡಿಮೆ: ಗಾಡಿಯ ಗೋಡೆ ತುಟಿಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಚಾನೆಲ್‌ನ ಬಾಯಿ ಅಗಲವಾಗುವುದಿಲ್ಲ. 16 ಗೇಜಿನ (ಗೇಜ್ ಸಂಖ್ಯೆ ಏರಿದಷ್ಟೂ ತಗಡು ತೆಳು) ತೆಳು ಚಾನೆಲ್‌ಗೆ ಸಾದಾ ನಟ್ ಹಾಕಿ ಎಳೆದರೆ ಪಕ್ಕಗಳು ಹೊರಕ್ಕೆ ಬಾಗುತ್ತವೆ. ಒಮ್ಮೆ ಬಾಗಿದರೆ ಆ ತುಂಡು ಗುಜರಿಗೇ.

ಈಗ ಬಲದ ಲೆಕ್ಕ. ಎಂ8 ಬೋಲ್ಟಿಗೆ 15 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಟ್ಟರೆ, ಥ್ರೆಡ್ ಒಣಗಿದ್ದಾಗ, ಬೋಲ್ಟಿನಲ್ಲಿ ಹುಟ್ಟುವ ಎಳೆತ ಸುಮಾರು 9,400 ನ್ಯೂಟನ್. ಅಂದರೆ ಹತ್ತಿರ ಹತ್ತಿರ 950 ಕೆಜಿ ಭಾರ. ಸತುವಿನ ಲೇಪನದ ಮೇಲೆ ಉಜ್ಜಾಟದ ಗುಣಾಂಕ 0.15 ಎಂದು ಹಿಡಿದರೆ ಸಾದಾ ನಟ್ ಕೂಡ 140 ಕೆಜಿಯಷ್ಟು ತಡೆಯಬೇಕು. ಗಾಳಿಯ ಕಡೆಯಿಂದ ನೋಡಿ: ಕಟ್ಟಡಗಳ ಮೇಲಿನ ಭಾರ ಹೇಳುವ ಭಾರತೀಯ ಮಾನದಂಡ ಐಎಸ್ 875ರ ಮೂರನೇ ಭಾಗ ಬೆಂಗಳೂರಿಗೆ ಕೊಡುವ ಮೂಲ ವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 650 ನ್ಯೂಟನ್. 2278 × 1134 ಮಿಮೀ ಪ್ಯಾನೆಲ್ ಮೇಲೆ 170 ಕೆಜಿ, ಅದನ್ನು ಒತ್ತಿ ಹಿಡಿಯುವ ನಾಲ್ಕು ಕ್ಲಾಂಪಿಗೆ ಹಂಚಿದರೆ ತಲಾ 43. ಛಾವಣಿಯ ಮೂಲೆ ಮತ್ತು ಅಂಚಿನಲ್ಲಿ ಗಾಳಿಯ ಒತ್ತಡದ ಗುಣಾಂಕ ಏರುವುದರಿಂದ ಇದು ಸಾಕಷ್ಟು ಹೆಚ್ಚುತ್ತದೆ, ಆದರೂ ಕಾಗದದ ಮೇಲೆ ಸಾದಾ ನಟ್ ಸೋಲಬಾರದು.

ಸೋಲುವುದು ಒಂದೇ ಹೊಡೆತಕ್ಕಲ್ಲ. ಆಷಾಢದ ಗಾಳಿ ವಾರಗಟ್ಟಲೆ ಪ್ಯಾನೆಲನ್ನು ಅಲುಗಿಸುತ್ತದೆ. ಹಗಲು ಕಾದು ರಾತ್ರಿ ಆರುವ ರೈಲು ದಿನವೂ ಉದ್ದ ಬದಲಿಸುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ 6 ಮೀಟರ್ ಅಲ್ಯೂಮಿನಿಯಂ ರೈಲು 5.5 ಮಿಮೀ, ಅಷ್ಟೇ ಉದ್ದದ ಉಕ್ಕಿನ ಚಾನೆಲ್ 3 ಮಿಮೀ ಹಿಗ್ಗುತ್ತದೆ. ಅಡ್ಡಕ್ಕೆ ಕೂದಲೆಳೆಯಷ್ಟು ಜಾರಾಟ ಮತ್ತೆ ಮತ್ತೆ ಆದರೆ ಬೋಲ್ಟು ತಾನಾಗಿ ತಿರುಗಿ ಸಡಿಲವಾಗುತ್ತದೆ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ. ಹಲ್ಲು ಆ ಮೊದಲ ಜಾರಾಟವನ್ನೇ ತಡೆಯುತ್ತದೆ. ಅದಕ್ಕೇ ಅದರ ಬೆಲೆ. ಒಂದು ನಟ್‌ಗೆ ಕೆಲವೇ ರೂಪಾಯಿ ಹೆಚ್ಚು, ಅದನ್ನು ಉಳಿಸಲು ಹೋಗಬೇಡಿ.

ಇನ್ನು ನಿಜವಾದ ಕಾಟಕ್ಕೆ ಬರೋಣ: ಬೋಲ್ಟಿನ ಉದ್ದ.

41 × 21 ಚಾನೆಲ್ ತೆಗೆದುಕೊಳ್ಳಿ. ಆಳ 21 ಮಿಮೀ, ಬೆನ್ನಿನ (ಬಾಯಿಗೆ ಎದುರಿನ ಗೋಡೆಯ) ದಪ್ಪ 2. ಬಾಯಿಯಿಂದ ಬೆನ್ನಿನ ಒಳಮುಖಕ್ಕೆ 19 ಮಿಮೀ ಸಿಗುತ್ತದೆ. ತುಟಿ ಸುಮಾರು 7.5, ಎಂ8 ನಟ್ ಸುಮಾರು 6, ಒಟ್ಟು 13.5. ಅಂದರೆ ಬೋಲ್ಟು ಚಾನೆಲ್ ಒಳಗೆ 13.5ಕ್ಕಿಂತ ಕಡಿಮೆ ಹೋದರೆ ನಟ್‌ನ ಥ್ರೆಡ್ ಪೂರ್ತಿ ತುಂಬುವುದಿಲ್ಲ, 19 ಮೀರಿದರೆ ಬೆನ್ನಿಗೆ ಬಡಿಯುತ್ತದೆ. ನಡುವೆ ಇರುವುದು ಐದೂವರೆ ಮಿಲಿಮೀಟರ್ ಅಷ್ಟೇ. 5 ಮಿಮೀ ಬ್ರಾಕೆಟ್ ಮತ್ತು 1.6 ಮಿಮೀ ವಾಷರ್ ಇದ್ದಾಗ ಎಂ8 × 25 ಬೋಲ್ಟು 18.4 ಒಳಹೋಗುತ್ತದೆ, ಅಂತೂ ಪಾಸು. ಅದೇ ಬೋಲ್ಟನ್ನು 3 ಮಿಮೀ ಬ್ರಾಕೆಟ್‌ಗೆ ಹಾಕಿದರೆ 20.4, ಫೇಲು. ಅಲ್ಲಿ ಎಂ8 × 20 ಬೇಕು. ನಿಮ್ಮ ನಟ್, ತುಟಿ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಇದೇ ಕೂಡುವ ಕಳೆಯುವ ಲೆಕ್ಕ ಮಾಡಿ. 41 × 41 ಚಾನೆಲ್‌ನಲ್ಲಿ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ.

ಬೆನ್ನಿಗೆ ಬಡಿದ ಬೋಲ್ಟು ಕೈಗೆ ಬಿಗಿ ಅನ್ನಿಸುತ್ತದೆ, ಟಾರ್ಕ್ ರೆಂಚ್ ಕೂಡ ಕ್ಲಿಕ್ ಅನ್ನುತ್ತದೆ. ಆದರೆ ಆ ಬಲವೆಲ್ಲ ಬೋಲ್ಟಿನ ತುದಿಗೂ ತುಟಿಗೂ ನಡುವೆ ಸಿಕ್ಕಿಕೊಂಡಿದೆ. ನಟ್ ಬಿಗಿ, ಬ್ರಾಕೆಟ್ ಸಡಿಲ. ಪತ್ತೆ ಹಚ್ಚುವುದು ಸುಲಭ: ಬಿಗಿ ಮಾಡಿದ ಮೇಲೆ ವಾಷರನ್ನು ಬೆರಳಲ್ಲಿ ತಿರುಗಿಸಿ. ತಿರುಗಿದರೆ ಬೋಲ್ಟು ಉದ್ದವಾಗಿದೆ. ಪ್ಯಾನೆಲ್ ಕ್ಲಾಂಪಿನಲ್ಲೂ ಇದೇ ಆಟ. 35 ಮಿಮೀ ಫ್ರೇಮಿಗೆಂದು ತಂದ ಬೋಲ್ಟನ್ನು 30 ಮಿಮೀ ಫ್ರೇಮಿನ ಪ್ಯಾನೆಲ್‌ಗೆ ಹಾಕಿದರೆ ಅದು 5 ಮಿಮೀ ಹೆಚ್ಚು ಒಳಗಿಳಿಯುತ್ತದೆ. ಹಳೆಯ ಸಾಲಿಗೆ ಹೊಸ ಪ್ಯಾನೆಲ್ ಸೇರಿಸುವವರು ಇಲ್ಲಿ ಎಡವುತ್ತಾರೆ.

ಎರಡನೆಯ ಕಾಟ ತುಟಿಯ ಅಂಚಿನದು. ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಚಾನೆಲ್‌ನಲ್ಲಿ ಸತುವು ಕೆಲವೆಡೆ ತುಟಿಯ ಅಂಚಿನಲ್ಲೇ ಹನಿಗಟ್ಟಿ ಗಂಟಾಗಿರುತ್ತದೆ. ನಟ್‌ನ ಒಂದು ಬದಿಯ ಹಲ್ಲು ಗಂಟಿನ ಮೇಲೆ ಕೂತು ಇನ್ನೊಂದು ಬದಿ ಅಂತರದಲ್ಲಿ ನಿಲ್ಲುತ್ತದೆ. ಸತುವು ಮೆತ್ತನೆಯ ಲೋಹ, ಒತ್ತಡಕ್ಕೆ ದಿನಗಳೆದಂತೆ ತಗ್ಗುತ್ತದೆ, ತಗ್ಗಿದಷ್ಟೂ ಬೋಲ್ಟಿನ ಎಳೆತ ಕಡಿಮೆಯಾಗುತ್ತದೆ. ನಟ್ ಕೂರುವ ಜಾಗದಲ್ಲಿ ಎರಡೂ ಅಂಚಿನ ಮೇಲೆ ಬೆರಳಾಡಿಸಿ, ಗಂಟು ಸಿಕ್ಕರೆ ಚಪ್ಪಟೆ ಅರದಿಂದ ಗಂಟನ್ನಷ್ಟೇ ಉಜ್ಜಿ. ಕಬ್ಬಿಣ ಕಾಣುವವರೆಗೆ ಉಜ್ಜಬೇಡಿ. ಕಂಡುಬಿಟ್ಟರೆ ಜಿಂಕ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಗ್ರೈಂಡರ್ ಹಿಡಿದು ಹೋದರೆ ಅಂಚು ಜಾರು ಪಟ್ಟಿಯಾಗುತ್ತದೆ, ಹಲ್ಲಿಗೆ ಕಚ್ಚಲು ಏನೂ ಉಳಿಯದು.

ಕೂರಿಸುವ ಕ್ರಮದಲ್ಲಿ ಹೆಚ್ಚು ಹೇಳಲು ಇಲ್ಲ. ನಟ್ ಉದ್ದುದ್ದ ಒಳಗಿಳಿಸಿ, ಬಲಕ್ಕೆ ಕಾಲು ಸುತ್ತು ತಿರುಗಿಸಿ, ಗಾಡಿಗಳು ತುಟಿಯ ನೇರಕ್ಕೆ ಬಂದವೇ ಎಂದು ಟಾರ್ಚ್ ಹಾಕಿ ನೋಡಿ. ಅರ್ಧಂಬರ್ಧ ತಿರುಗಿದ ನಟ್ ಮೂಲೆಯಲ್ಲಿ ಸಿಕ್ಕಿಕೊಂಡು ಬಿಗಿಯಾದಂತೆ ನಟಿಸುತ್ತದೆ. ಮೊದಲು ಕೈಯಲ್ಲಿ, ಆಮೇಲೆ ಸ್ಪ್ಯಾನರ್, ಕೊನೆಗೆ ಟಾರ್ಕ್ ರೆಂಚ್. 14 ಗೇಜ್ ಅಥವಾ ಅದಕ್ಕಿಂತ ದಪ್ಪದ ಚಾನೆಲ್‌ನಲ್ಲಿ ಎಂ8ಕ್ಕೆ 15, ಎಂ10ಕ್ಕೆ 25 ನ್ಯೂಟನ್ ಮೀಟರ್ ಇಲ್ಲಿ ಬಳಸಿದ ಅಳತೆ. ತಯಾರಕರ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆ ಮಾತು. ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಕೊನೆಯ ಬಿಗಿ ಬೇಡವೇ ಬೇಡ. ಒಂದೇ ಸದ್ದಿನಲ್ಲಿ 15 ದಾಟಿ 40ಕ್ಕೆ ಹೋಗುತ್ತದೆ, ಹಲ್ಲು ಮುರಿಯುತ್ತದೆ.

ವಾರ ಕಳೆದ ಮೇಲೆ ಒಮ್ಮೆ ಅದೇ ಟಾರ್ಕ್‌ಗೆ ರೆಂಚ್ ಹಾಕಿ. ಲೇಪನ ಕೂತ ಕಾರಣ ಕೆಲವು ಬೋಲ್ಟು ಸ್ವಲ್ಪ ತಿರುಗುತ್ತವೆ, ಅದು ಸಹಜ. ಆಮೇಲೆ ಬೋಲ್ಟಿನ ತಲೆಯಿಂದ ವಾಷರ್, ಬ್ರಾಕೆಟ್ ದಾಟಿ ಚಾನೆಲ್‌ವರೆಗೆ ಪೇಂಟ್ ಮಾರ್ಕರ್‌ನಲ್ಲಿ ಒಂದು ಗೀಟು ಎಳೆಯಿರಿ. ಆಷಾಢ ಮುಗಿದ ಮೇಲೆ ಗೀಟು ಎಲ್ಲಿ ಮುರಿದಿದೆ ನೋಡಿದರೆ ಸಾಕು: ತಲೆಯ ಬಳಿ ಮುರಿದಿದ್ದರೆ ಬೋಲ್ಟು ತಿರುಗಿದೆ, ಬ್ರಾಕೆಟ್‌ಗೂ ಚಾನೆಲ್‌ಗೂ ನಡುವೆ ಮುರಿದಿದ್ದರೆ ಹಿಡಿತ ಜಾರಿದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಹಲ್ಲಿಗೆ ಎಣ್ಣೆ ತಾಗಬಾರದು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ ಹಾಕಿದಾಗ ಮಾತ್ರ ಥ್ರೆಡ್ ಒಂದಕ್ಕೊಂದು ಹತ್ತಿಕೊಂಡು ಕೂರುವ ಭಯ ಇರುವುದರಿಂದ ಆಂಟಿ ಸೀಜ್ ಪೇಸ್ಟ್ ಬೇಕು. ಅದನ್ನು ಬೋಲ್ಟಿನ ಥ್ರೆಡ್‌ಗೆ ತೆಳ್ಳಗೆ ಸವರಿ, ಟಾರ್ಕನ್ನು ಕಾಲು ಭಾಗದಷ್ಟು ಇಳಿಸಿ. ಇಳಿಸದಿದ್ದರೆ ಅದೇ ಟಾರ್ಕ್‌ಗೆ ಎಳೆತ ಹೆಚ್ಚಾಗಿ ಬೋಲ್ಟು ಹಿಗ್ಗಬಹುದು.

ಸುರುಳಿಯ ಸ್ಪ್ರಿಂಗ್ ವಾಷರ್ ಬಗ್ಗೆ ಫಿಟ್ಟರ್‌ಗಳಿಗೆ ಬಲು ನಂಬಿಕೆ. 15 ನ್ಯೂಟನ್ ಮೀಟರಿಗೆ ಅದು ಪೂರ್ತಿ ಚಪ್ಪಟೆಯಾಗಿ ಮಾಮೂಲಿ ವಾಷರ್ ಆಗಿಬಿಡುತ್ತದೆ. ಅದನ್ನು ಹಾಕಿದೆವೆಂದು ನಿಶ್ಚಿಂತೆ ಬೇಡ. ಜನರೇಟರ್, ಪಂಪು, ಏರ್ ಕಂಪ್ರೆಸರ್ ಹತ್ತಿರದ ಚಾನೆಲ್‌ಗಳಲ್ಲಿ ನೀಲಿ ಥ್ರೆಡ್‌ಲಾಕರ್ (ಥ್ರೆಡ್ ಹಿಡಿದಿಡುವ ಅಂಟು) ಎರಡು ಹನಿ, ಇಲ್ಲವೇ ಜೋಡಿ ವೆಡ್ಜ್ ವಾಷರ್ (ಒಂದರೊಳಗೊಂದು ಇಳಿಜಾರಾಗಿ ಕೂರುವ ಎರಡು ವಾಷರ್) ಹಾಕಿದ್ದು ಚೆನ್ನಾಗಿ ಬಾಳಿದೆ.

ಒಂದು ಅಂಕ ಕಳೆದಿದ್ದು ಸ್ಪ್ರಿಂಗ್ ಮತ್ತು ಲೇಪನಕ್ಕೆ. ಪ್ಲಾಸ್ಟಿಕ್ ರೆಕ್ಕೆಯ ಸ್ಪ್ರಿಂಗ್ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ. ಬಿಗಿಯಾದ ನಟ್‌ಗೆ ಅದರಿಂದ ತೊಂದರೆಯಿಲ್ಲ, ಆದರೆ ರಿಪೇರಿಗೆ ಬೋಲ್ಟು ಬಿಚ್ಚಿದ ಕ್ಷಣ ನಟ್ ಚಾನೆಲ್ ಒಳಗೆ ಬಿದ್ದು ಕೆಳತುದಿ ಸೇರುತ್ತದೆ. ತಾರಸಿಯ ಕೆಲಸಕ್ಕೆ ಉಕ್ಕಿನ ಸುರುಳಿ ಸ್ಪ್ರಿಂಗ್ ಇರುವುದನ್ನೇ ಕೇಳಿ. ಲೇಪನದ ವಿಷಯ: ಎಲೆಕ್ಟ್ರೋಪ್ಲೇಟ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಲೇಪ ಕೊಟ್ಟ ನಟ್ ಮೇಲೆ ಸತುವು ಹತ್ತು ಮೈಕ್ರಾನ್ ಆಸುಪಾಸು ಮಾತ್ರ. ಶೆಡ್ಡಿನ ಒಳಗೆ ಅದು ಧಾರಾಳ ಸಾಕು. ಪ್ಯಾನೆಲ್ ತೊಳೆದ ನೀರು ಇಳಿಯುವ ಕೆಳಸಾಲಿನಲ್ಲಿ ಮೊದಲು ಬಿಳಿ ಹುಡಿ, ಆಮೇಲೆ ಕೆಂಪು ತುಕ್ಕು ಕಾಣಿಸಿಕೊಂಡಿದೆ. ಕೋಳಿ ಫಾರಂ ಛಾವಣಿಯಲ್ಲಂತೂ ಅಮೋನಿಯಾ ಇರುವುದರಿಂದ ಸ್ಟೇನ್‌ಲೆಸ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಅಲ್ಯೂಮಿನಿಯಂ ರೈಲಿಗೆ ಸುತ್ತಿಗೆ ತಲೆಯ ಟಿ ಬೋಲ್ಟು ಬರುತ್ತದೆ. ಅದರ ಥ್ರೆಡ್ ತುದಿಯಲ್ಲಿ ಒಂದು ಗೀರು ಇರುತ್ತದೆ. ಗೀರು ರೈಲಿಗೆ ಅಡ್ಡವಾಗಿ ಕಂಡರೆ ತಲೆ ಸರಿಯಾಗಿ ತಿರುಗಿದೆ ಎಂದರ್ಥ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಹಲ್ಲು ಒಳ್ಳೆ ಕಚ್ಚುತ್ತದೆ, ಆದರೆ ಒಂದು ಜಾಗದಲ್ಲಿ ಒಂದೇ ಸಲ. ಬಿಚ್ಚಿ ಮತ್ತೆ ಹಾಕುವಾಗ 20 ಮಿಮೀ ಪಕ್ಕಕ್ಕೆ ಸರಿಸಿ. ಎರಡು ರೈಲಿನ ಸಂದಿನಲ್ಲಿ 10 ಮಿಮೀ ಬಿಡಿ, ಒಂದೇ ಪ್ಯಾನೆಲ್ ಆ ಸಂದಿನ ಮೇಲೆ ಅಡ್ಡ ಕೂರದಂತೆ ನೋಡಿಕೊಳ್ಳಿ. ಹಲ್ಲು ಲೇಪನ ಸೀಳಿ ಲೋಹಕ್ಕೆ ಲೋಹ ತಾಗಿದೆ, ವಿದ್ಯುತ್ ಹರಿಯಲು ಅಷ್ಟೇ ಸಾಕು ಎಂದು ಅರ್ಥಿಂಗ್ ವೈರ್ ಬಿಟ್ಟುಬಿಡುವುದು ಬೇಡ.

ಲಂಬವಾಗಿ ನಿಂತ ಚಾನೆಲ್‌ನಲ್ಲಿ ಭಾರ ಹೊತ್ತ ಬ್ರಾಕೆಟ್ ಇದ್ದರೆ ಹಲ್ಲಿನ ನಟ್ ಒಂದನ್ನೇ ನಂಬಬೇಡಿ. ಬ್ರಾಕೆಟ್‌ನ ಕೆಳಗೇ ತಾಗುವಂತೆ ಇನ್ನೊಂದು ನಟ್ ಮತ್ತು ಚಪ್ಪಟೆ ಪಟ್ಟಿ ಬಿಗಿದರೆ ಅದು ತಡೆಗಲ್ಲಿನಂತೆ ನಿಲ್ಲುತ್ತದೆ. ತಲೆಯ ಮೇಲೆ ಭಾರ ತೂಗುವ ಕಡೆ ಚಾನೆಲ್‌ನ ಎರಡೂ ಪಕ್ಕ ತೂತು ಕೊರೆದು ಒಂದು ಪಕ್ಕದಿಂದ ಇನ್ನೊಂದಕ್ಕೆ ಹಾಯುವ ಬೋಲ್ಟು ಹಾಕುವುದೇ ಸರಿ.

ತುಮಕೂರಿನ ಮಂಡಿಪೇಟೆಯಲ್ಲಿ ಕೊಳ್ಳುವಾಗ ಮಾದರಿಗೆ ಚಾನೆಲ್‌ನ ಒಂದು ತುಂಡು ಜೇಬಿನಲ್ಲಿರಲಿ. ನಟ್ ಹಾಕಿ ಕೈಯಲ್ಲೇ ಬಿಗಿದು ನೋಡಿ, ಎರಡೂ ತುಟಿ ಗಾಡಿಯೊಳಗೆ ಒಂದೇ ಆಳಕ್ಕೆ ಇಳಿಯಬೇಕು. ಹಲ್ಲಿನ ತುದಿ ಉಗುರಿಗೆ ಚೂಪಾಗಿ ತಾಗಬೇಕು. ದಪ್ಪ ಲೇಪನದಲ್ಲಿ ಹಲ್ಲು ಮುಚ್ಚಿಹೋದ ಸರಕು ಬಂದರೆ ವಾಪಸ್ ಕೊಡಿ.

ಎಷ್ಟು ಬೇಕು? ಹತ್ತು ಪ್ಯಾನೆಲ್ ಒಂದೇ ಸಾಲಿನಲ್ಲಿ ನಿಲ್ಲಿಸಿ, ಎರಡು ಚಾನೆಲ್ ಮೇಲೆ ಕೂರಿಸಿದರೆ ಎರಡು ಪ್ಯಾನೆಲ್ ನಡುವಿನ ಮಿಡ್ ಕ್ಲಾಂಪಿಗೆ 18 ನಟ್, ಸಾಲಿನ ತುದಿಯ ಎಂಡ್ ಕ್ಲಾಂಪಿಗೆ 4. ಪ್ರತಿ ಚಾನೆಲ್ ಸುಮಾರು 11.7 ಮೀಟರ್. 1.2 ಮೀಟರಿಗೊಂದು ಕಾಲು ಎಂದರೆ ಚಾನೆಲ್‌ಗೆ 11, ಎರಡಕ್ಕೆ 22. 6 ಮೀಟರ್ ತುಂಡುಗಳನ್ನು ಜೋಡಿಸುವ ಪಟ್ಟಿಗೆ ತಲಾ 4ರಂತೆ 8. ಒಟ್ಟು 52. ಅರವತ್ತು ತನ್ನಿ. ಶೀಟ್ ಮೇಲಿಂದ ಉರುಳಿದ ನಟ್ ಮಳೆನೀರಿನ ದೋಣಿಯಲ್ಲಿ ಸಿಗುತ್ತದೆ. ಅದನ್ನು ಹುಡುಕಿ ತೆಗೆಯಿರಿ, ಅಲ್ಲೇ ಬಿಟ್ಟರೆ ಎರಡು ಮಳೆಗೆ ಕೊಳವೆಯ ಬಾಯಿ ಕಟ್ಟುತ್ತದೆ.