ಬಿಎಂಸಿಯೋ, ಮೈಸೂರು ಮೆಡಿಕಲ್ಲೋ: ವಾರ್ಡಿನ ಕಡೆಯಿಂದ ನೋಡಿದಾಗ

ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕು ಬಂದ ಮಕ್ಕಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯಲು ಕೂತಾಗ ಹೆಚ್ಚಿನವರು ಬೆಂಗಳೂರು ಮೆಡಿಕಲ್ ಕಾಲೇಜನ್ನು (ಬಿಎಂಸಿ) ಮೊದಲು ಹಾಕಿ, ಮೈಸೂರನ್ನು ಅದರ ಕೆಳಗೆ ಹಾಕುತ್ತಾರೆ. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಹಾಗಿದೆ ಎಂಬುದೇ ಕಾರಣ. ಎರಡೂ ಕಡೆಯ ವಾರ್ಡುಗಳನ್ನು ಬಲ್ಲ ನಮಗೆ ಈ ಕಾರಣ ಸಾಲದು ಅನಿಸುತ್ತದೆ. ಎಲ್ಲರಿಗೂ ಬೆಂಗಳೂರೇ ಸರಿ ಎಂದು ನಾವು ಒಪ್ಪುವುದಿಲ್ಲ.

ಮೊದಲು, ಯಾವುದರಲ್ಲಿ ವ್ಯತ್ಯಾಸವೇ ಇಲ್ಲ ಎಂಬುದನ್ನು ಬದಿಗಿಡೋಣ. ಎರಡೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳು. ಅದೇ ಪಠ್ಯ, ಅದೇ ಥಿಯರಿ ಪ್ರಶ್ನೆಪತ್ರಿಕೆ, ಅದೇ ಪದವಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಹೌಸ್‌ಸರ್ಜನ್‌ಶಿಪ್. ಸರ್ಕಾರಿ ಸೀಟಿನ ಶುಲ್ಕವೂ ಹೆಚ್ಚುಕಡಿಮೆ ಒಂದೇ. ಓದು ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕಡ್ಡಾಯ ಸೇವೆಯ 2012ರ ಕಾನೂನು ಎರಡೂ ಕಡೆಯವರಿಗೂ ಅನ್ವಯ. ಹಿರಿತನ ನೋಡುವುದಾದರೆ ಮೈಸೂರಿನದು ಹಳೆಯದು: 1924ರಲ್ಲಿ ಬೆಂಗಳೂರಿನಲ್ಲೇ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋದ ಕಾಲೇಜು ಅದು. ಬಿಎಂಸಿ ಬಂದದ್ದು 1955ರಲ್ಲಿ.

ನಿಜವಾದ ವ್ಯತ್ಯಾಸ ಶುರುವಾಗುವುದು ಎರಡನೇ ವರ್ಷದಲ್ಲಿ, ಕ್ಲಿನಿಕಲ್ ಪೋಸ್ಟಿಂಗ್‌ಗೆ ಇಳಿದಾಗ. ಬಿಎಂಸಿಯಲ್ಲಿ ವರ್ಷಕ್ಕೆ 250 ಸೀಟು, ಮೈಸೂರಿನಲ್ಲಿ 150. ಬ್ಯಾಚನ್ನು ಹತ್ತು ತಂಡ ಮಾಡಿದರು ಅಂತ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಒಂದು ಹಾಸಿಗೆಯ ಸುತ್ತ 25 ಮಂದಿ, ಮೈಸೂರಿನಲ್ಲಿ 15. ಗುಲ್ಮ (ಸ್ಪ್ಲೀನ್) ದೊಡ್ಡದಾಗಿರುವ ಒಬ್ಬ ರೋಗಿಯ ಹೊಟ್ಟೆ ಮುಟ್ಟಿ ನೋಡಲು ಎಷ್ಟು ಜನರಿಗೆ ಅವಕಾಶ ಕೊಡಬಹುದು? ಐದಾರು ಮಂದಿಯ ಹೊತ್ತಿಗೆ ರೋಗಿಗೆ ನೋವು, ಬೇಸರ. ಉಳಿದವರು ಮುಂದೆ ನಿಂತವರ ಭುಜದ ಮೇಲಿಂದ ನೋಡಿ ನೋಟ್ಸ್ ಬರೆದುಕೊಳ್ಳುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ಲಾಂಗ್ ಕೇಸಿನಲ್ಲಿ, ಅಂದರೆ ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ ವಿವರಿಸಬೇಕಾದಾಗ, ಕೈ ತಡವರಿಸುವುದು ಇದರಿಂದಲೇ. ಬಿಎಂಸಿಯಲ್ಲಿ ಇದಕ್ಕೊಂದು ದಾರಿಯಿದೆ: ಸಂಜೆ ನಾಲ್ಕರ ಮೇಲೆ, ಡ್ಯೂಟಿಯಲ್ಲಿರುವ ಪಿಜಿಯನ್ನು (ಸ್ನಾತಕೋತ್ತರ ವಿದ್ಯಾರ್ಥಿಯನ್ನು) ಕೇಳಿಕೊಂಡು ಇಬ್ಬರು ಮೂವರಾಗಿ ವಾರ್ಡಿಗೆ ಹೋಗುವುದು. ರೋಗಿಗಳಿಗೆ ಅಲ್ಲಿ ಕೊರತೆಯಿಲ್ಲ. ಹೋಗುವ ಛಲ ಬೇಕು. ಮುಂದೆ ನುಗ್ಗಿ ಕೇಳುವ ಸ್ವಭಾವ ಇಲ್ಲದ ಮಗುವಿಗೆ ಮೈಸೂರಿನ ಚಿಕ್ಕ ತಂಡವೇ ಒಳ್ಳೆಯದು.

ಕೇಸುಗಳ ಸ್ವರೂಪವೂ ಬೇರೆ. ಬಿಎಂಸಿಯ ಬಲ ಕೋಟೆ ಪ್ರದೇಶದ ಆಸ್ಪತ್ರೆಗಳ ಗುಂಪು: 1900ರಲ್ಲಿ ತೆರೆದ ವಿಕ್ಟೋರಿಯಾ, 1935ರ ವಾಣಿವಿಲಾಸ, ಕಣ್ಣಿಗೆ ಮಿಂಟೋ. ವಿಕ್ಟೋರಿಯಾ ಆವರಣದೊಳಗೇ ಟ್ರಾಮಾ ಕೇಂದ್ರ, ಸುಟ್ಟಗಾಯಗಳ ದೊಡ್ಡ ವಾರ್ಡು, ಕೇಂದ್ರದ ಪಿಎಂಎಸ್‌ಎಸ್‌ವೈ ಯೋಜನೆಯ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ. ಸುಟ್ಟಗಾಯದ ರೋಗಿಗೆ ಮೊದಲ 24 ಗಂಟೆ ದ್ರವ ಕೊಡುವ ಲೆಕ್ಕ, ದೀಪಾವಳಿಯ ರಾತ್ರಿ ಪಟಾಕಿ ಸಿಡಿದು ಬರುವ ಕಣ್ಣು, ಇವನ್ನು ಕಲಿಯಲು ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನಮಗೆ ಕಾಣುವುದಿಲ್ಲ. ಹಳೆಯ ಸೀನಿಯರ್‌ಗಳು ಬೌರಿಂಗ್ ಪೋಸ್ಟಿಂಗ್ ಬಗ್ಗೆ ಹೇಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬೌರಿಂಗ್ ಈಗ ಬೇರೆಯೇ ವೈದ್ಯಕೀಯ ಕಾಲೇಜು.

ಆದರೆ ಬೆಂಗಳೂರಿನಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಸಂಸ್ಥೆ. ತಲೆಗೆ ಪೆಟ್ಟು, ಮನೋರೋಗ ಎಂದರೆ ನಿಮ್ಹಾನ್ಸ್. ಎದೆನೋವು ಎಂದರೆ ಜಯದೇವ. ಕ್ಯಾನ್ಸರ್ ಎಂದರೆ ಕಿದ್ವಾಯಿ. ಮೂಳೆ ಮುರಿತದಲ್ಲೂ ಒಂದು ಪಾಲು ಸಂಜಯ್ ಗಾಂಧಿ ಆಸ್ಪತ್ರೆಗೆ. ಹೀಗಾಗಿ ಬಿಎಂಸಿ ವಿದ್ಯಾರ್ಥಿಗೆ ಬರುವ ರೋಗಿಗಳು ಒಂದು ಜರಡಿ ದಾಟಿ ಬಂದವರು. ಮೈಸೂರಿನಲ್ಲೂ ಕೆಆರ್‌ಎಸ್ ರಸ್ತೆಯಲ್ಲಿ ಜಯದೇವ ಇದೆ, ನಿಜ. ಉಳಿದಂತೆ ಊರವರು ದೊಡ್ಡಾಸ್ಪತ್ರೆ ಎನ್ನುವ ಕೆ.ಆರ್. ಆಸ್ಪತ್ರೆಗೆ ಎಲ್ಲವೂ ಬರುತ್ತದೆ: ಹೊಲದಲ್ಲಿ ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ತಿಂಗಳುಗಟ್ಟಲೆ ಕೆಮ್ಮಿ ಕೊನೆಗೆ ಬಂದ ಕ್ಷಯರೋಗಿಗಳು. ಕೀಟನಾಶಕದ ಕೇಸಿನಲ್ಲಿ ಅಟ್ರೋಪಿನ್ ಎಂಬ ಮದ್ದು ಕೊಡುತ್ತಾ ಎದೆಯ ಗೊರಗೊರ ಸದ್ದು ಇಳಿಯಿತೇ ಎಂದು ಐದೈದು ನಿಮಿಷಕ್ಕೆ ಕೇಳಿಸಿಕೊಳ್ಳುವುದು ಪುಸ್ತಕದಿಂದ ಬರುವ ಕಲೆಯಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಡ್ಯೂಟಿ ಮಾಡುವ ದಿನ ಕೈ ಹಿಡಿಯುವುದು ಇದೇ. ಮಂಡ್ಯದಲ್ಲಿ 2006ರಲ್ಲಿ, ಚಾಮರಾಜನಗರ ಮತ್ತು ಮಡಿಕೇರಿಯಲ್ಲಿ 2016ರಲ್ಲಿ ಸರ್ಕಾರಿ ಕಾಲೇಜುಗಳು ಬಂದ ಮೇಲೂ ಕಷ್ಟದ ಕೇಸುಗಳು ಮೈಸೂರಿಗೇ ಬರುತ್ತವೆ. ಹೆರಿಗೆಯ ವಿಷಯದಲ್ಲಿ ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಎರಡೂ ಗಟ್ಟಿ. ಬಿಪಿ ಏರಿ ಫಿಟ್ಸ್ ಬಂದ ಬಸುರಿ, ರಕ್ತಸ್ರಾವದ ಬಾಣಂತಿ ಎರಡೂ ಕಡೆ ಸಿಗುತ್ತಾರೆ. ಇದೊಂದರ ಮೇಲೆ ಕಾಲೇಜು ಆರಿಸಬೇಡಿ.

ಹೌಸ್‌ಸರ್ಜನ್‌ಶಿಪ್‌ನಲ್ಲಿ ಕೆಲಸ ಕಲಿಯುವುದು ನಿಮ್ಮ ಮೇಲೆ ಎಷ್ಟು ಪಿಜಿಗಳಿದ್ದಾರೆ ಎಂಬುದರ ಮೇಲೂ ನಿಂತಿದೆ. ಪಿಜಿಗಳು ಹೆಚ್ಚಿರುವ ಯೂನಿಟ್‌ನಲ್ಲಿ ಹೊಲಿಗೆ, ಇಂಟ್ಯುಬೇಶನ್ (ಉಸಿರಾಟಕ್ಕೆ ಗಂಟಲಿಗೆ ಕೊಳವೆ ಹಾಕುವುದು) ಅವರ ಪಾಲಿಗೆ. ರಕ್ತ ತೆಗೆಯುವುದು, ಸ್ಯಾಂಪಲ್ ಹೊತ್ತು ಲ್ಯಾಬಿಗೆ ಓಡುವುದು ನಿಮ್ಮ ಪಾಲಿಗೆ. ಸೂಪರ್ ಸ್ಪೆಷಾಲಿಟಿ ಹೆಚ್ಚಿರುವ ಕಡೆ ಇದು ಸಹಜ. ಇನ್ನೊಂದು, ಹನ್ನೆರಡು ವಾರ ಸಮುದಾಯ ವೈದ್ಯಕೀಯ ಪೋಸ್ಟಿಂಗ್ ಇರುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಹೋಗಿಬರುವುದೇ ಅರ್ಧ ದಿನ.

ಭಾಷೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕು. ವಿಕ್ಟೋರಿಯಾ ಇರುವುದು ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯದ ಪಕ್ಕದಲ್ಲಿ. ಕೇಸ್ ಹಿಸ್ಟರಿ ತೆಗೆಯುವಾಗ ಕನ್ನಡದ ಜೊತೆಗೆ ಉರ್ದು, ತಮಿಳು, ತೆಲುಗು, ಹಿಂದಿ ಕಿವಿಗೆ ಬೀಳುತ್ತಲೇ ಇರುತ್ತವೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಕೆ.ಆರ್. ಆಸ್ಪತ್ರೆಯಲ್ಲಿ ಮೊದಲ ದಿನದಿಂದಲೇ ರೋಗಿಯ ಮಾತು ಅರ್ಥವಾಗುತ್ತದೆ. ಉಬ್ಬಸ, ಜೋಮು, ತಲೆಸುತ್ತು ಎಂಬ ಮಾತುಗಳ ಹಿಂದಿನ ಕಾಯಿಲೆ ಹುಡುಕಲು ಸಮಯ ಉಳಿಯುತ್ತದೆ.

ಓಡಾಟ: ಬಿಎಂಸಿಯ ಮೂರೂ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ, ಮೆಟ್ರೊ ನಿಲ್ದಾಣವೂ ಪಕ್ಕದಲ್ಲೇ. ಮೈಸೂರಿನಲ್ಲಿ ಕಾಲೇಜು, ಕೆ.ಆರ್., ಚೆಲುವಾಂಬ ಇರ್ವಿನ್ ರಸ್ತೆಯ ಸುತ್ತಲೇ ಇವೆ. ಆದರೆ ಕ್ಷಯರೋಗಕ್ಕೆಂದೇ ಇರುವ ಪಿಕೆಟಿಬಿ ಆಸ್ಪತ್ರೆ, ಟ್ರಾಮಾ ಕೇಂದ್ರ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೆಆರ್‌ಎಸ್ ರಸ್ತೆಯಲ್ಲಿ, ಬಸ್ಸೋ ಗಾಡಿಯೋ ಬೇಕು. ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ, ಊಟದ ಖರ್ಚು ಮೈಸೂರಿನಲ್ಲಿ ಎದ್ದು ಕಾಣುವಷ್ಟು ಕಡಿಮೆ.

ಬಿಎಂಸಿಯಲ್ಲಿ ಓದಿದರೆ ಅಲ್ಲೇ ಪಿಜಿ ಸುಲಭ ಎಂಬ ಮಾತು ಸುಳ್ಳು. ಪಿಜಿ ಸೀಟು ನೀಟ್ ಪಿಜಿ ರ‍್ಯಾಂಕಿಗೆ ಸಿಗುವುದು, ಎಂಬಿಬಿಎಸ್ ಕಾಲೇಜಿನ ಹೆಸರಿಗಲ್ಲ. ಆದರೆ ನ್ಯೂರೊಸರ್ಜರಿ, ಪ್ಲಾಸ್ಟಿಕ್ ಸರ್ಜರಿಯಂಥ ವಿಭಾಗಗಳನ್ನು ಎಂಬಿಬಿಎಸ್ ಹಂತದಲ್ಲೇ ಹತ್ತಿರದಿಂದ ನೋಡಬೇಕೆಂಬ ಆಸೆ ಗಟ್ಟಿಯಾಗಿದ್ದರೆ ನಮ್ಮ ಮತ ಬೆಂಗಳೂರಿಗೆ. ಜನರಲ್ ಮೆಡಿಸಿನ್, ಮಕ್ಕಳ ವಿಭಾಗ ಅಥವಾ ಊರಿನಲ್ಲಿ ಪ್ರಾಕ್ಟೀಸ್ ಎಂದಿದ್ದರೆ ಮೈಸೂರನ್ನೇ ಮೇಲೆ ಹಾಕಿ.

ಆಪ್ಷನ್ ಎಂಟ್ರಿಯಲ್ಲಿ ಕೆಡುವುದು ಎರಡು ಕಡೆ. ಹಂಚಿಕೆ ಪಟ್ಟಿಯ ಮೇಲಿನಿಂದ ಕೆಳಗೆ ನಡೆಯುತ್ತದೆ. ಬೆಂಗಳೂರನ್ನು ಮೇಲೆ ಹಾಕಿದ್ದರಿಂದ ಮೈಸೂರಿನ ಅವಕಾಶ ಕಡಿಮೆಯಾಗುವುದಿಲ್ಲ, ಆದ್ದರಿಂದ ಕಟ್‌ಆಫ್ ಬಿಟ್ಟು ಮನಸ್ಸಿನ ಕ್ರಮದಲ್ಲೇ ಬರೆಯಿರಿ. ಎರಡನೆಯದು ಹಂಚಿಕೆಯಾದ ಮೇಲೆ. ಮೈಸೂರು ಬಂದಿದೆ, ಸಾಕು ಎನಿಸಿದರೆ ಚಾಯ್ಸ್ 1. ಚಾಯ್ಸ್ 2 ಒತ್ತಿದರೆ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುತ್ತೀರಿ, ಮೇಲಿನ ಆಯ್ಕೆ ಸಿಕ್ಕ ಕೂಡಲೇ ಕೈಯಲ್ಲಿದ್ದದ್ದು ತಾನಾಗಿ ರದ್ದಾಗುತ್ತದೆ, ಹಿಂದಕ್ಕೆ ಬರಲಾಗದು. ಅಖಿಲ ಭಾರತ ಕೋಟಾದ 15% ಸೀಟುಗಳಿಗೂ ಪ್ರಯತ್ನಿಸುತ್ತಿದ್ದರೆ, ಆ ಸೀಟುಗಳನ್ನು ಹಂಚುವ ಕೇಂದ್ರದ ಎಂಸಿಸಿಯ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಮೊದಲ ಸುತ್ತಿನಲ್ಲಿ ಬಂದದ್ದನ್ನು ನಷ್ಟವಿಲ್ಲದೆ ಬಿಡಬಹುದು. ಎರಡನೇ ಸುತ್ತಿನಲ್ಲಿ ಬಂದದ್ದಕ್ಕೆ ಸೇರದಿದ್ದರೆ ಠೇವಣಿ ಹೋಗುತ್ತದೆ. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮಗುವಿನ ಜೊತೆ ಕೂತು ಓದಿದ ಮೇಲೆಯೇ ಗುಂಡಿ ಒತ್ತಿ.